ಮರವನ್ನು ಎಡಕ್ಕೆ ಬಿಟ್ಟು ನಡೆದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮೂರು ಆ ಹೆಸರನ್ನು ಒಂದು ಕಾಲಕ್ಕೆ ಆಣೆಯಿಡಲು ಬಳಸಿತು, ಮತ್ತೊಂದು ಕಾಲಕ್ಕೆ ಬೈಯಲು ಬಳಸಿತು. ಎರಡನ್ನೂ ಅವರು ಬೇಡಿದವರಲ್ಲ. ಕಳೆದ ಮಾಘಮಾಸದಲ್ಲಿ ಅವರು ಲಿಂಗೈಕ್ಯರಾದಾಗ ಸಮಾಧಿಯ ಕುಣಿಯಲ್ಲಿ ಕೂಡಿಸಿ ಹಣೆಗೆ ವಿಭೂತಿ ಹಚ್ಚಿದವನು ನಾನೇ. ಊರಿನ ಮಠದ ಅಯ್ಯನಿಗೆ ಅದು ನಿತ್ಯದ ಕರ್ತವ್ಯ. ಆದರೂ ಅಂದು ಬೆರಳು ಹಣೆಯ ಮೇಲೆ ಒಂದು ಕ್ಷಣ ತಡೆಯಿತು. ಮೂವತ್ತು ವರ್ಷಗಳಷ್ಟು ಹಿಂದೆ ಇದೇ ಹಣೆಗೆ, ಇದೇ ಬೆರಳುಗಳಿಂದ ವಿಭೂತಿ ಹಚ್ಚಿ ಅವರನ್ನು ಒಂದು ಹಾದಿಗೆ ಕಳುಹಿಸಿದ್ದೆ.

ನಮ್ಮೂರು ಮೂಡಲಗಿಯಿಂದ ನಾಗನೂರಿಗೆ ಹೋಗುವ ದಾರಿಯನ್ನು ಬಿಟ್ಟು ಒಂದು ಹರದಾರಿ ಒಳಗಿದೆ. ಕರಿಯ ಎರೆಯ ನೆಲ. ಜೋಳ, ಕಡಲೆ, ಹಳ್ಳದ ದಂಡೆಗೆ ಅಷ್ಟಿಷ್ಟು ಕಬ್ಬು. ಅವರು ಗೌಡರ ಮನೆತನದವರೇ. ಗೌಡರಿಗೆ ದೂರದ ಕಾಕಾ ಆಗಬೇಕು. ಆದರೆ ಗೌಡಿಕೆಯ ಗತ್ತು ಅವರಲ್ಲಿ ಇರಲಿಲ್ಲ. ಎತ್ತರದ ಆಳು. ಯಾರಾದರೂ ಏನನ್ನಾದರೂ ಕೇಳಿದರೆ ಮೊದಲು ತಲೆಯ ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಳ್ಳುವರು. ಆಮೇಲೆ ಉತ್ತರ ಹೇಳುವರು. ಮಳೆ ಯಾವಾಗ ಬಂತು ಎಂದು ಕೇಳಿದರೂ ಹಾಗೆಯೇ. ಅವರ ರುಮಾಲು ತೊಡೆಗೆ ಬಂತೆಂದರೆ ಚಾವಡಿಯಲ್ಲಿ ಉಳಿದವರು ಮಾತು ನಿಲ್ಲಿಸುತ್ತಿದ್ದರು.

ಅವರ ನಿಜವು ಕೆಲವೊಮ್ಮೆ ಅವರಿಗೇ ಭಾರವಾಗುತ್ತಿತ್ತು. ಒಮ್ಮೆ ಎತ್ತೊಂದನ್ನು ಮಾರಲು ಮೂಡಲಗಿಯ ಸಂತೆಗೆ ಹೊಡೆದುಕೊಂಡು ಹೋದರು. ನಾನೂ ಅಂದು ಸಂತೆಯಲ್ಲಿದ್ದೆ. ಗೋಕಾಕ ಕಡೆಯ ಒಕ್ಕಲಿಗನೊಬ್ಬ ಎತ್ತಿನ ಹಲ್ಲು ನೋಡಿದ, ಬೆನ್ನು ಸವರಿದ, ಒಪ್ಪಿದ. ವ್ಯವಹಾರ ಇನ್ನೇನು ಮುಗಿಯಿತೆನ್ನುವಾಗ ಇವರು ರುಮಾಲು ತೆಗೆದರು.

“ಒಂದ ಮಾತು ಹೇಳೂದ ಉಳದೈತ್ರಿ. ಮಳಿಗಾಲದಾಗ ಇದು ಎಡಗಾಲ ಎಳೀತೈತಿ.”

ಕೊಳ್ಳುವವನು ಎತ್ತಿನ ಕಾಲನ್ನು ನೋಡಲಿಲ್ಲ, ಇವರ ಮುಖವನ್ನು ನೋಡಿದ. ಪಕ್ಕದಲ್ಲಿದ್ದ ತನ್ನ ಅಳಿಯನಿಗೆ, “ನಡಿಯೋ ನಡಿ. ತಾನಾಗೇ ಇಷ್ಟು ಹೇಳಾಕತ್ತಾನಂದ್ರ, ಮುಚ್ಚಿಟ್ಟದ್ದು ಇನ್ನ ಎಷ್ಟೈತೋ!” ಎಂದು ಹೊರಟೇಹೋದ.

ಎತ್ತು ಮನೆಗೆ ಮರಳಿತು. ಅವರ ಯಜಮಾನಿತಿ, ಮಾತಿನಲ್ಲಿ ಬಲು ಚುರುಕಾದ ತಾಯಿ, ನನ್ನೆದುರಿಗೇ ಹೇಳಿದಳು: “ಮುಂದಿನ ಸಂತಿಗೆ ನೀವು ಮನ್ಯಾಗ ಇರ್ರಿ. ನಾನೂ ಎತ್ತೂ ಕೂಡಿ ಹೋಗಿ ಬರ್ತೀವಿ. ಎತ್ತಿಗರೆ ಬಾಯಿ ಮುಚ್ಚಿ ನಿಂದ್ರೂದು ಗೊತ್ತೈತಿ.”

ಅವರು ನಕ್ಕರು. ಅವರ ಮಗಳೂ ಬಾಗಿಲ ಮರೆಯಲ್ಲಿ ನಿಂತು ನಕ್ಕಳು. ಒಬ್ಬಳೇ ಮಗಳು. ಆ ವರ್ಷವೇ ಆಕೆಯನ್ನು ಹುಕ್ಕೇರಿಯ ಒಂದು ಮನೆಗೆ ಕೊಟ್ಟರು.

ಜರ್ಮನಿಯ ಮೊದಲ ಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತಿದು. ಊರಿನಲ್ಲಿ ಒಂದು ತಂಟೆ ಎದ್ದಿತು. ಊರಿನಿಂದ ಹಳ್ಳಕ್ಕೆ ಇಳಿಯುವ ದನಕುರಿಗಳ ಹಾದಿಯೊಂದಿತ್ತು. ಹಳ್ಳದ ಕಡೆ ಮುಖ ಮಾಡಿ ನಿಂತರೆ ಬಲಕ್ಕೆ ಗೌಡರ ಹೊಲ, ಎಡಕ್ಕೆ ಇವರ ಹೊಲ, ನಡುವೆ ಆ ಹಾದಿ. ಹಾದಿಯಲ್ಲಿ ಒಂದು ಹಳೆಯ ಹುಣಸೆಮರ. ಊರಿನ ಹಾಲುಮತದ ಕುರುಬರ ಕುರಿಗಳಿಗೆ ನೀರಿನ ದಾರಿ ಅದೊಂದೇ. ಗೌಡರ ನೇಗಿಲು ವರ್ಷಕ್ಕೊಂದು ಸಾಲಿನಂತೆ ಹಾದಿಯನ್ನು ತಿನ್ನುತ್ತ ಬಂದು, ಕೊನೆಗೆ ಮರದ ಬುಡವನ್ನೂ ದಾಟಿತು. ಕೇಳಿದರೆ, ಮರವೇ ನಮ್ಮದು ಎಂದರು. ಗಡಿಗೆ ನೆಟ್ಟ ಬಾಂದುಕಲ್ಲು ಎಲ್ಲಿಯೂ ಕಾಣಲಿಲ್ಲ. ಗೋಕಾಕಕ್ಕೆ ಹೋಗಿ ಮಾಮಲೇದಾರರ ಕಚೇರಿಯ ಮೆಟ್ಟಿಲು ಹತ್ತುವಷ್ಟು ಧೈರ್ಯ ಕುರುಬರಲ್ಲಿ ಇರಲಿಲ್ಲ. ಊರಿನ ಮಾತು ಊರಿನಲ್ಲಿಯೇ ಮುಗಿಯಲಿ ಎಂದು ಚಾವಡಿಯಲ್ಲಿ ಹಿರಿಯರು ಕೂಡಿದರು. ಯಾರಾದರೊಬ್ಬರು ಗಡಿ ನಡೆಯಲಿ ಎಂದು ನಿಶ್ಚಯವಾಯಿತು.

ಗಡಿ ನಡೆಯುವುದೆಂದರೆ ಹೀಗೆ. ಇಬ್ಬರೂ ಒಪ್ಪಿದ ಮನುಷ್ಯನೊಬ್ಬ ಮಿಂದು, ಒದ್ದೆಯ ಧೋತರದಲ್ಲಿಯೇ, ವಿಭೂತಿ ಧರಿಸಿ, ಅದೇ ನೆಲದ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲೆ ಹೊತ್ತು, ತನಗೆ ತಿಳಿದ ಗಡಿಯ ಮೇಲೆ ನಡೆಯಬೇಕು. ನಿಲ್ಲಬಾರದು, ತಿರುಗಿ ನೋಡಬಾರದು, ಮಾತಾಡಬಾರದು. ಅವನು ನಡೆದದ್ದೇ ಗಡಿ. ಬರುವ ಯುಗಾದಿಯ ಬೇವು ತಿನ್ನುವತನಕ ಅವನ ಮನೆಯಲ್ಲಿ ಸಾವಾಗದಿದ್ದರೆ ಅವನು ನಡೆದದ್ದು ನಿಜ, ಸಾವಾದರೆ ಸುಳ್ಳು. ನಮ್ಮ ಹಿರಿಯರು ಹೀಗೆ ನಂಬಿದ್ದರು. ನಾನೂ ನಂಬಿದ್ದೆ.

ನಡೆಯುವವರು ಯಾರೆಂಬುದಕ್ಕೆ ಚರ್ಚೆಯೇ ಆಗಲಿಲ್ಲ. ಕುರುಬರ ಹಿರಿಯ ಮೊದಲು ಇವರ ಹೆಸರನ್ನೇ ಹೇಳಿದ. ಎಳೆಯ ವಯಸ್ಸಿನಲ್ಲಿ ಅವರು ಆ ಹಾದಿಯಲ್ಲಿಯೇ ದನ ಕಾಯ್ದವರು. ಗೌಡರೂ ತಟ್ಟನೆ ಒಪ್ಪಿದರು, ಸ್ವಂತ ಭಾವಕಿಯವರು, ಒಂದೇ ಮನೆತನದವರಲ್ಲವೇ! ಬನ್ನಿ ಹಬ್ಬದ ಮಾರನೆಯ ಬೆಳಿಗ್ಗೆ ಎಲ್ಲರೂ ಹೊಲದ ತಲೆಗೆ ಕೂಡಿದಾಗ ಗೌಡರು ಹತ್ತಿರ ಬಂದು ಮೆಲ್ಲಗೆ ಅಂದರು: “ಕಾಕಾ, ಹೊಲ ನಮ್ಮ ಮನಿತನದ್ದು ಅನ್ನೂದು ನೆನಪಿರಲಿ.”

“ನೆನಪೈತಿ ಅಂತನ ಅಲ್ಲೇನಪಾ ನನ್ನ ಕರದದ್ದು?” ಎಂದರು ಅವರು.

ನಾನು ಹಣೆಗೆ ವಿಭೂತಿ ಹಚ್ಚಿದೆ. ಹೆಂಟೆಯನ್ನು ತಲೆಯ ಮೇಲಿಟ್ಟೆ. ಒದ್ದೆಯ ಕೂದಲಿನಿಂದ ನೀರಿಳಿದು ಕರಿಮಣ್ಣು ಕರಗಿ, ಕಿವಿಯ ಹಿಂದಿನಿಂದ ಕೊರಳಿಗೆ ಹರಿಯಿತು. ಅವರು ನಡೆದರು. ಹಿಂದಿನಿಂದ ತಳವಾರ ಬೂದಿ ಚೆಲ್ಲುತ್ತ ಹೋದ. ಅವನ ಹಿಂದೆ ನಾವೆಲ್ಲ. ಹುಣಸೆಮರ ಹತ್ತಿರವಾದಂತೆ ಎಲ್ಲರೂ ಅವರ ಪಾದಗಳನ್ನೇ ನೋಡತೊಡಗಿದೆವು. ಮರವನ್ನು ಬಲಕ್ಕೆ ಬಿಟ್ಟರೆ ಮರವೂ ಹಾದಿಯೂ ಗೌಡರ ಪಾಲು. ಎಡಕ್ಕೆ ಬಿಟ್ಟರೆ ಊರಿನ ಪಾಲು. ಅವರ ಹೆಜ್ಜೆ ತಡೆಯಲಿಲ್ಲ. ಮರವನ್ನು ಎಡಕ್ಕೆ ಬಿಟ್ಟು, ಗೌಡರು ಹೊಸದಾಗಿ ಹರಗಿದ ಮೆತ್ತನೆಯ ಮಣ್ಣನ್ನು ತುಳಿಯುತ್ತ, ಬುಡದಿಂದ ಎರಡು ಮಾರು ದೂರದಲ್ಲಿ ನೆಟ್ಟಗೆ ಹಳ್ಳಕ್ಕೆ ಇಳಿದರು.

ಗೌಡರು ಹಳ್ಳದವರೆಗೆ ಬರಲಿಲ್ಲ. ಮರದ ಹತ್ತಿರವೇ ನಿಂತು, “ಯುಗಾದಿ ಇನ್ನೂ ದೂರೈತಿ,” ಎಂದು ಊರ ಕಡೆ ತಿರುಗಿದರು.

ಆ ಚಳಿಗಾಲವೆಲ್ಲ ಕುರಿಗಳು ಹಳೆಯ ಹಾದಿಯಲ್ಲಿ ಇಳಿದವು. ಜೋಳ ತೆನೆ ಕಟ್ಟಿತು, ಸುಗ್ಗಿಯೂ ಮುಗಿಯಿತು. ಫಾಲ್ಗುಣದಲ್ಲಿ ಮಗಳು ಚೊಚ್ಚಲ ಹೆರಿಗೆಗೆಂದು ಹುಕ್ಕೇರಿಯಿಂದ ತವರಿಗೆ ಬಂದಳು. ಯುಗಾದಿಗೆ ಹನ್ನೊಂದು ದಿನವಿತ್ತು. ಹೆಣ್ಣು ಕೂಸು ಉಳಿಯಿತು, ಬಾಣಂತಿ ಉಳಿಯಲಿಲ್ಲ.

ಮೂರನೆಯ ದಿನ ಚಾವಡಿಯಲ್ಲಿ ಹಿರಿಯರು ಸೇರಿದರು. ಅವರೂ ಬಂದು ಕಂಬಕ್ಕೆ ಒರಗಿ ಕುಳಿತರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುರುಬರ ಹಿರಿಯನೇ ಮೊದಲು ಎದ್ದ. ಹಾದಿ ಕೈತಪ್ಪುವ ಭಯ ಅವನ ದನಿಯಲ್ಲಿತ್ತು. ಆದರೆ ಅವನು ಹೇಳಿದ್ದು ಅಡ್ಡಮಾತಲ್ಲ.

“ಕೊಟ್ಟ ಮಗಳು ಕೊಟ್ಟ ಮನಿಯಾಕಿ. ಬಾಣಂತನಕ್ಕ ಬಂದಾಕಿ ಅಷ್ಟ. ಆ ಸಾವು ಹುಕ್ಕೇರಿ ಮನಿ ಸಾವು, ಈ ಮನೀದಲ್ಲ. ಅಯ್ಯನವ್ರ, ನೀವು ಓದಿದವ್ರು. ಶಾಸ್ತ್ರದಾಗ ಏನೈತಿ ಹೇಳ್ರಿ.”

ನಾನು ಹೇಳಿದೆ. ವಿವಾಹದಿಂದ ಕನ್ಯೆಯು ಪಿತೃಗೃಹವನ್ನು ಕಳೆದು ಪತಿಗೃಹವನ್ನು ಸೇರುತ್ತಾಳೆ, ಆದುದರಿಂದ ಗಡಿ ನಡೆದವರ ಮಾತಿಗೆ ಭಂಗ ಬಂದಿಲ್ಲವೆಂದು. ಸಭೆಯಲ್ಲಿ ಹಗುರವಾದ ಗುಜುಗುಜು ಎದ್ದಿತು. ಬಹಳ ಜನಕ್ಕೆ ಅದೇ ಬೇಕಾಗಿತ್ತು.

ಗೌಡರು ಜಾಣರು. ನನ್ನ ಶಾಸ್ತ್ರಕ್ಕೆ ಎದುರು ಹೇಳಲಿಲ್ಲ. “ಅಯ್ಯನವ್ರು ಹೇಳಿದ್ದು ಖರೆ ಇರಬೇಕು. ನಾ ಓದಿದಾಂವ ಅಲ್ಲ. ಕಾಕಾ ಒಂದ ಮಾತು ಅನ್ನಲಿ. ಆಕಿ ನನ್ನ ಮನಿಯಾಕಿ ಅಲ್ಲ, ಹೊರಗಿನಾಕಿ ಅಂತ, ತನ್ನ ಬಾಯಿಲೆ ಅನ್ನಲಿ. ನಾ ಈಗ ಎದ್ದ ಹೊಕ್ಕೀನಿ. ಮರಾನೂ ನಿಮ್ಮದು, ಹಾದೀನೂ ನಿಮ್ಮದು.”

ಎಲ್ಲರೂ ಅವರ ಕಡೆ ನೋಡಿದೆವು. ಅವರು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅದರ ಅಂಚನ್ನು ಬೆರಳಿನಿಂದ ತೀಡತೊಡಗಿದರು.

“ಅನ್ನೋ ಯಣ್ಣಾ,” ಎಂದ ಕುರುಬರ ಹಿರಿಯ, ಬೇಡುವ ದನಿಯಲ್ಲಿ. “ಒಂದ ಮಾತು. ಅಂದ್ರ ಮುಗೀತು. ಆಕಿ ಏನು ಕೇಳಾಕ ಬರ್ತಾಳ?”

“ಆಕಿ ತೊಟ್ಟಿಲ ಕಟ್ಟಿದ ತೊಲಿ ಇನ್ನೂ ನನ್ನ ತಲಿ ಮ್ಯಾಲ ಐತೋ ಮಾರಾಯಾ,” ಎಂದರು ಅವರು. “ಅದರ ಕೆಳಗ ಮಕ್ಕೊಂಡು, ಹೊರಗಿನಾಕಿ ಅಂತ ಹೆಂಗ ಅನ್ನಲಿ? ನನ್ನ ಮನಿಯಾಕಿನ ಆಕಿ.”

ಅಷ್ಟೇ. ಗೌಡರು ಗೆದ್ದರು. ಒಬ್ಬ ಮನುಷ್ಯ ಸುಳ್ಳುಗಾರನೆನಿಸಿಕೊಳ್ಳಲು ಒಪ್ಪಿದ್ದು ಸುಳ್ಳು ಹೇಳಲು ಒಪ್ಪದ್ದರಿಂದ ಎಂಬುದು ಅಂದು ಎಷ್ಟು ಜನಕ್ಕೆ ಹೊಳೆಯಿತೋ ನಾನರಿಯೆ. ನನಗೆ ಹೊಳೆದಿತ್ತು. ಎದ್ದು ನಿಂತು, ಬಾಣಂತಿಯ ಸಾವಿಗೂ ಬಾಂದಿನ ಕಲ್ಲಿಗೂ ಏನು ಸಂಬಂಧವೆಂದು ಕೇಳಬಹುದಾಗಿತ್ತು. ಆದರೆ ಹೆಂಟೆಯನ್ನು ತಲೆಯ ಮೇಲೆ ಇಟ್ಟವನು ನಾನೇ. ಸಂಬಂಧವಿಲ್ಲವೆಂದರೆ ನಾನು ಹಚ್ಚಿದ ವಿಭೂತಿಗೇನು ಬೆಲೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಮಾತಿರಲಿಲ್ಲ. ನಾನು ಏಳಲಿಲ್ಲ.

ಊರು ಅವರಿಗೆ ಬಹಿಷ್ಕಾರ ಹಾಕಲಿಲ್ಲ. ಕ್ಷೌರದವನು ಬಂದ, ಅಗಸನು ಬಂದ, ನೀರು ಬೆಂಕಿ ಯಾವುದೂ ನಿಲ್ಲಲಿಲ್ಲ. ನಿಂತದ್ದು ಒಂದೇ: ಅವರನ್ನು ಯಾರೂ ಏನನ್ನೂ ಕೇಳದಾದರು. ಸಂಬಂಧ ಕೂಡಿಸುವಾಗ, ಪಾಲು ಮಾಡುವಾಗ, ಎತ್ತಿನ ಹಲ್ಲು ನೋಡುವಾಗ ಅವರ ಅಂಗಳಕ್ಕೆ ಬರುತ್ತಿದ್ದ ಜನ ಅಂಗಳದ ಮುಂದೆಯೇ ಹಾದು ಬೇರೆ ಮನೆಗೆ ಹೋದರು. ಎದುರಿಗೆ ಸಿಕ್ಕರೆ “ಶರಣ್ರಿ” ಎನ್ನುವರು. ಎರಡನೆಯ ಮಾತು ಇರುತ್ತಿರಲಿಲ್ಲ. ಚಾವಡಿಯಲ್ಲಿ ಅವರು ಕುಳಿತರೆ ಮಾತು ಮಳೆಗಾಳಿಗೆ ಹೊರಳುತ್ತಿತ್ತು. ಕ್ರಮೇಣ ಅವರು ಬರುವುದನ್ನೇ ಬಿಟ್ಟರು. ಬೆನ್ನ ಹಿಂದೆ ಹೆಂಗಸರು, “ಸುಳ್ಳು ನಡದು ಮಗಳನ್ನ ತಿಂದುಕೊಂಡ,” ಎನ್ನುತ್ತಿದ್ದರು.

ಕುರುಬರಿಗೂ ಅವರ ಮೇಲೆ ಮುನಿಸಿತ್ತು. ಒಂದು ಮಾತಿನಿಂದ ಉಳಿಯಬಹುದಾಗಿದ್ದ ಹಾದಿ ಅವರಿಂದಾಗಿ ಹೋಗಿತ್ತಷ್ಟೆ. ಇವರು ಅದಕ್ಕೆ ಸಮಾಧಾನ ಹೇಳಲು ಹೋಗಲಿಲ್ಲ. ಮುಂದಿನ ಬಿತ್ತನೆಗೆ ತಮ್ಮ ಹೊಲದ ಬಲ ಅಂಚಿನಲ್ಲಿ, ಹೊಲದ ತಲೆಯಿಂದ ಹಳ್ಳದವರೆಗೆ, ನಾಲ್ಕು ಮಾರು ಅಗಲದ ಪಟ್ಟಿಯನ್ನು ಬಿತ್ತದೆ ಬಿಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಕುರಿಗಳು ತಾವಾಗಿಯೇ ಆ ಕಡೆ ತಿರುಗಿದವು. ಕುರುಬರು ಅವುಗಳ ಹಿಂದೆ ನಡೆದರು, ಬದುವಿನಲ್ಲಿ ನಿಂತ ಇವರನ್ನು ನೋಡದವರಂತೆ. ಇಪ್ಪತ್ತಕ್ಕೂ ಮಿಕ್ಕಿ ವರ್ಷ ಆ ಪಟ್ಟಿಗೆ ಇವರು ಕೂರಿಗೆ ಹಾಯಿಸಲಿಲ್ಲ.

ಮೊಮ್ಮಗಳನ್ನು ಬೀಗರು ಹುಕ್ಕೇರಿಗೆ ಕರೆದೊಯ್ದರು. ಸುಳ್ಳು ನಡೆದವರ ಮನೆಗೆ ಕೂಸನ್ನು ಕಳುಹಿಸುವುದಿಲ್ಲವೆಂದು ಹೇಳಿ ಕಳುಹಿಸಿದರು. ಅವರ ಯಜಮಾನಿತಿ ಅದೇ ಕೊರಗಿನಲ್ಲಿ ಒಳಗೊಳಗೇ ಸವೆದು ಕೆಲವು ವರ್ಷಗಳಲ್ಲಿ ಹೋಗಿಬಿಟ್ಟಳು. ಆಮೇಲೆ ಆ ಮನೆಯಲ್ಲಿ ಒಂದೇ ಒಲೆ, ಒಂದೇ ತಾಟು.

ನಾನು ವ್ಯಾಸಂಗ ಮಾಡಿದ ಮಠ ಹುಕ್ಕೇರಿಯ ಕಡೆಯದು. ವರ್ಷಕ್ಕೊಮ್ಮೆ ಗುರುದರ್ಶನಕ್ಕೆ ಹೋಗುತ್ತಿದ್ದೆ. ಒಂದು ಸಲ ಅಲ್ಲಿಯ ಸಂತೆಯ ದಾರಿಯಲ್ಲಿ, ಯಾರದೋ ಮನೆಯೆದುರಿನ ಬೇವಿನ ಕಟ್ಟೆಯ ಮೇಲೆ ಅವರು ಕುಳಿತಿದ್ದರು. ತೊಡೆಯ ಮೇಲೆ ವಸ್ತ್ರದ ಗಂಟು. ಎಳ್ಳುಂಡೆಯ ವಾಸನೆ ಬರುತ್ತಿತ್ತು. ಎದುರಿನ ಅಂಗಳದಲ್ಲಿ ಹೆಣ್ಣುಮಕ್ಕಳು ಕುಂಟಾಟ ಆಡುತ್ತಿದ್ದರು.

“ಇದರಾಗ ನಿಮ್ಮ ಮೊಮ್ಮಗಳು ಯಾವಾಕಿ?” ಎಂದು ಕೇಳಿದೆ.

“ಹಸರ ಪರಕರದಾಕಿ. ಮೂಗು ನೋಡ್ರಿ, ನಮ್ಮವ್ವನ ಮೂಗು.”

“ಕರೀಬೇಕಲ್ಲ! ಉಂಡಿ ಕೊಡ್ರಿ.”

“ಆಟದಾಗ ಅದಾಳ್ರಿ. ಕರದ್ರ ಆಟ ಕೆಡತೈತಿ.” ಸ್ವಲ್ಪ ಹೊತ್ತು ನೋಡಿ, ಗಂಟನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಗೋಕಾಕದವರೆಗೆ ಒಂದೇ ಗಾಡಿಯಲ್ಲಿ ಬಂದೆವು. ಎಳ್ಳುಂಡೆಗಳನ್ನು ಗಾಡಿಯವನ ಮಕ್ಕಳಿಗೆ ಕೊಟ್ಟರು.

ಆ ಪ್ರಯಾಣದಲ್ಲಿಯೇ ಅವರು ತಮ್ಮ ಮನಸ್ಸನ್ನು ಒಮ್ಮೆ ತೆರೆದರು. ನಾನು ಕೇಳಿದ್ದಲ್ಲ.

“ಅಯ್ಯನವ್ರ, ನಾ ತಪ್ಪಿದೆ ಕಾಣಸ್ತೈತಿ. ದನಾ ಕಾಯೂವಾಗಿನ ನೆನಪು, ಹುಡುಗಬುದ್ಧಿ. ಮರ ಬಲಕ್ಕ ಇತ್ತೋ ಏನೋ. ಸುಳ್ಳು ನಡೀಬೇಕಂತ ನಡೀಲಿಲ್ಲ. ಆದ್ರ ಕಾಲು ತಪ್ಪಿತು. ಮಣ್ಣು ತಲೀ ಮ್ಯಾಲ ಇತ್ತಲ್ಲ, ಕೇಳಬೇಕಾದಾಂವ ಕೇಳಿದ. ಅವಂದೇನು ತಪ್ಪಿಲ್ಲ. ಹಂಗ ತಿಳಕೊಂಡ್ರ ರೊಟ್ಟಿ ಗಂಟಲದಾಗ ಇಳೀತೈತ್ರಿ.”

ನನ್ನ ಕಣ್ಣೆದುರಿಗೆ ಅವರ ತಡೆಯದ ಹೆಜ್ಜೆಗಳಿದ್ದವು. ಆದರೆ ಅವರ ಮುಖದಲ್ಲಿ ಅಂದು ಒಂದು ಬಗೆಯ ಶಾಂತಿಯಿತ್ತು. ದೇವರನ್ನು ನಿರ್ದೋಷಿಯಾಗಿ ಉಳಿಸಿಕೊಳ್ಳಲು ತಮ್ಮನ್ನು ತಾವೇ ಅಪರಾಧಿ ಮಾಡಿಕೊಂಡಿದ್ದರು. ಶಿವನಲ್ಲಿ ಅಂಥ ಭಕ್ತಿಯನ್ನು ನಾನು ಪುರಾಣಗಳಲ್ಲಿ ಓದಿದ್ದೆ. ಅದು ಗಾಡಿಯಲ್ಲಿ ನನ್ನ ಪಕ್ಕಕ್ಕೆ ಕುಳಿತದ್ದನ್ನು ಕಂಡದ್ದು ಅಂದೇ.

ಕಾಲ ಕಳೆಯಿತು. ಗೌಡರು ತೀರಿಕೊಂಡರು, ಅವರ ಮಗ ಗೌಡಿಕೆಗೆ ಬಂದ. ಊರಿಗೆ ಸರಕಾರದ ಪಂಚಾಯತಿ ಬಂತು. ಚಾವಡಿಯಲ್ಲಿ ಕೈಯೆತ್ತಿಸಿ ಮೆಂಬರರನ್ನು ಆರಿಸಿದರು. ಹೊಸ ಮೆಂಬರರು ಮಾಡಿದ ಮೊದಲ ಠರಾವು, ಹಳ್ಳ ದಾಟಿ ಮೂಡಲಗಿಗೆ ಹೋಗುವಂತೆ ಗಾಡಿದಾರಿಯೊಂದನ್ನು ತೆಗೆಯಬೇಕೆಂಬುದು. ಅದಕ್ಕಾಗಿ ಗೋಕಾಕದಿಂದ ಮೋಜಣಿದಾರ ಸರಪಳಿ ಹೊರಿಸಿಕೊಂಡು ಬಂದ. ಹಳೆಯ ನಕ್ಷೆ ಬಿಚ್ಚಿ, ಹಳ್ಳದ ಕಡೆಯಿಂದ ಅಳೆಯುತ್ತ ಬಂದು, ಗೌಡರ ಹೊಲದೊಳಗೆ ಒಂದು ಕಡೆ ನಿಂತು, “ಇಲ್ಲಿ ಅಗೀರಿ,” ಎಂದ. ಮೊಳದ ಆಳದಲ್ಲಿ ಸನಿಕೆ ಠಣ್ಣೆಂದಿತು. ಅಡ್ಡ ಮಲಗಿಸಿ ಹೂಳಿದ ಬಾಂದುಕಲ್ಲು. ಹುಣಸೆಯ ಬುಡದಿಂದ ಎರಡು ಮಾರು ದೂರ. ಅಂದು ಬೂದಿ ಬಿದ್ದಿದ್ದ ಸಾಲಿನ ಮೇಲೆಯೇ.

ಕುರುಬರ ಹಿರಿಯ ಇನ್ನೂ ಬದುಕಿದ್ದ, ಕಣ್ಣು ಮಂಜಾಗಿತ್ತು. ಕಲ್ಲನ್ನು ಕೈಯಿಂದ ತಡವಿ ನೋಡಿ ನೆಲಕ್ಕೆ ಕುಸಿದು ಕುಳಿತ. “ಯಣ್ಣಾ ಸರಿಯಾಗೇ ನಡದಿದ್ದ,” ಎಂದ. “ನಾವು ಅವನ ಹೊಲಾ ತುಳಕೊಂತ ಅಡ್ಯಾಡಿ, ಅವಗ ಒಂದ ಮಾತು ಆಡಲಿಲ್ಲ.”

ನಾನು ಅಲ್ಲಿ ನಿಲ್ಲಲಿಲ್ಲ. ಅಷ್ಟು ವರ್ಷಗಳ ಋಣವನ್ನು ಒಂದೇ ಉಸಿರಿನಲ್ಲಿ ತೀರಿಸುವವನಂತೆ, ಈ ಮಾತನ್ನು ಅವರಿಗೆ ಮೊದಲು ನಾನೇ ಮುಟ್ಟಿಸಬೇಕೆಂದು ಅವರ ಮನೆಗೆ ಓಡುನಡಿಗೆಯಲ್ಲಿ ಹೋದೆ. ಅವರು ಅಂಗಳದಲ್ಲಿ ಕುಳಿತು ನಾರಿನ ಹಗ್ಗ ಹೊಸೆಯುತ್ತಿದ್ದರು.

“ಕಲ್ಲು ಸಿಕ್ಕಿತು! ನೀವು ನಡದಲ್ಲೇ ಐತಿ. ಒಂದ ಗೇಣು ಆಚೀಚಿ ಇಲ್ಲ. ನೀವು ತಪ್ಪಿಲ್ಲ, ತಪ್ಪೇ ಇಲ್ಲ!” ಎಂದೆ.

ಕೈಗಳು ನಿಂತವು. ನನ್ನನ್ನು ಕುಳ್ಳಿರೆಂದು ಹೇಳುವುದನ್ನೂ ಅವರು ಮರೆತರು. ರುಮಾಲು ತಲೆಯ ಮೇಲೆಯೇ ಇತ್ತು.

“ಹಂಗಾದ್ರ ಆಕಿ ಯಾಕ ಸತ್ಳರಿ?”

ಮೂರು ದರ್ಶನಗಳನ್ನು ಓದಿದವನು ನಾನು. ಕರ್ಮ ಎನ್ನಬಹುದಾಗಿತ್ತು, ಲೀಲೆ ಎನ್ನಬಹುದಾಗಿತ್ತು. ಅವರ ಮುಖ ನೋಡಿ ಯಾವುದನ್ನೂ ಅನ್ನಲಾಗಲಿಲ್ಲ.

ಅವರು ಹೊಸೆದ ಹಗ್ಗವನ್ನು ಮತ್ತೆ ಬಿಚ್ಚತೊಡಗಿದರು. ಸಿಟ್ಟಿಲ್ಲದ ದನಿಯಲ್ಲಿ, “ಊರಿಗೆ ತಿಳೀಲಿ ಬಿಡ್ರಿ, ಬ್ಯಾಡ ಅನ್ನಂಗಿಲ್ಲ. ನನಗ್ಯಾಕ ಹೇಳಿದ್ರಿ, ಅಯ್ಯನವ್ರ?” ಎಂದರು.

ಅಂದು ಸಂಜೆಯೇ ಪಂಚಾಯತಿಯವರು ಅವರ ಅಂಗಳಕ್ಕೆ ಬಂದರು. ತಲೆ ತಗ್ಗಿಸಿಕೊಂಡು ಹೊಸ ಗೌಡನೂ ಬಂದ. ಅಜ್ಜಾರು ಚಾವಡಿಗೆ ಬರಬೇಕು, ಊರಿನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೈಮುಗಿದರು. ಅವರು ಯಾರನ್ನೂ ನೋಯಿಸುವವರಲ್ಲ, ಎದ್ದು ಬಂದರು. ಎತ್ತರದ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದರು. ಹಾಲು ಕೊಟ್ಟರು. ಊರಿಗೆ ಊರೇ ನೆರೆದಿತ್ತು. ಅವರ ಮಾತನ್ನು ಕೇಳದೆ ಎರಡು ದಶಕ ಕಳೆದ ಜನ ಈಗ ಅವರ ಬಾಯಿಂದ ಏನಾದರೊಂದನ್ನು ಕೇಳಲು ಹಾತೊರೆಯುತ್ತಿದ್ದರು.

ದಾರಿಯ ಕೆಲಸ ಮುಂದುವರಿಯಬೇಕಾಗಿತ್ತು. ಹಳ್ಳದ ಆಚೆ ಇನ್ನೊಂದು ಕಲ್ಲು ಸಿಕ್ಕಿರಲಿಲ್ಲ. ಅದಕ್ಕಾಗಿ ಎರಡು ಮನೆಗಳ ನಡುವೆ ಆಗಲೇ ಮಾತು ಬೆಳೆದಿತ್ತು. ಹೊಸ ಗೌಡ ಕೈಕಟ್ಟಿ ನಿಂತು ಕೇಳಿದ: “ಅಜ್ಜಾರ, ಹಳ್ಳದ ಆ ಕಡಿ ಬಾಂದು ಎಲ್ಲಿ ಬರತಿತ್ರಿ? ನಿಮಗ ಗೊತ್ತಿದ್ದಂಗ ಮತ್ತ ಯಾರಿಗೂ ಗೊತ್ತಿಲ್ಲ. ನೀವು ಹೇಳಿದ್ದ ಗಡಿ.”

ಆ ನೆಲದ ಒಂದೊಂದು ಹೆಂಟೆಯನ್ನೂ ಅವರು ಬಲ್ಲರೆಂಬುದು ನನಗೆ ಗೊತ್ತಿತ್ತು. ಹಿಂದೆ ಎಷ್ಟೋ ಸಂಜೆ ಆ ದಂಡೆಯ ಮೇಲೆ ಅವರೊಡನೆ ನಡೆದಿದ್ದೆ. ಅದಿನ್ನೂ ಮಣ್ಣಿನ ಮೇಲೆ ಕಾಣುತ್ತಿದ್ದ ಕಾಲಕ್ಕೆ ಆ ಕಲ್ಲಿನ ಮೇಲೆ ನಾವಿಬ್ಬರೂ ಕುಳಿತೂ ಇದ್ದೆವು; ಜಾಗದ ಗುರುತು ನನಗೆ ಉಳಿದಿರಲಿಲ್ಲ, ಅವರು ಮರೆಯುವವರಲ್ಲ.

ಅವರು ಹಾಲಿನ ಬಟ್ಟಲನ್ನು ಕೆಳಗಿಟ್ಟರು.

“ನನಗೇನೂ ನೆನಪಿಲ್ಲಪಾ,” ಎಂದರು.

ಕಂಬಳಿಯಿಂದ ಎದ್ದು, ಎಲ್ಲರಿಗೂ ಶರಣು ಮಾಡಿ, ಮನೆಯ ಕಡೆ ನಡೆದರು. ನಾನು ಅವರ ಬಾಯಿಂದ ಕೇಳಿದ ಸುಳ್ಳು ಅದೊಂದೇ.